ಕೇದಗೆ: ಅಂಚಿನ ನೆಲದ ಗಿಡ, ಅರಮನೆಯ ಪರಿಮಳ



ಈದ್ ದಿನದ ಶೀರ್ ಖುರ್ಮಾಕ್ಕೆ, ಮದುವೆಯ ಬಿರಿಯಾನಿಗೆ, ರಮಜಾನಿನ ಶರಬತ್ತಿಗೆ ಎರಡು ಹನಿ ಕೇವಡಾ ಹಾಕುವುದು ನಮ್ಮ ಅನೇಕ ಮನೆಗಳಲ್ಲಿ ರೂಢಿ. ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಅಡುಗೆಮನೆಯಿಂದ ಪಡಸಾಲೆಯವರೆಗೆ ಪರಿಮಳ ಹರಡುತ್ತದೆ. ಆದರೆ ಈ ಕೇವಡಾ ಎಲ್ಲಿಂದ ಬರುತ್ತದೆ ಎಂದು ತರಗತಿಯಲ್ಲಿ ಕೇಳಿದರೆ "ಅಂಗಡಿಯಿಂದ" ಎಂಬ ಉತ್ತರವೇ ಹೆಚ್ಚಾಗಿ ಸಿಗುತ್ತದೆ. ಉರ್ದು ಪಾಠದಲ್ಲಿ ಬರುವ ಕೇವಡಾ ಮತ್ತು ಕನ್ನಡ ಪಾಠದಲ್ಲಿ ಬರುವ ಕೇದಗೆ ಎರಡೂ ಒಂದೇ ಹೂವು ಎಂದು ಹೇಳಿದರೆ ಮಕ್ಕಳು ಆಶ್ಚರ್ಯಪಡುತ್ತಾರೆ.

ಇತಿಹಾಸವೆಂದರೆ ಯುದ್ಧಗಳ ಮತ್ತು ಪಟ್ಟಾಭಿಷೇಕಗಳ ಇಸವಿಗಳನ್ನು ಬಾಯಿಪಾಠ ಮಾಡುವುದು ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಇನ್ನೂ ಇದೆ. ಒಂದು ಮುಳ್ಳಿನ ಗಿಡಕ್ಕೂ ಇತಿಹಾಸ ಇರಬಲ್ಲದು. ಕೇದಗೆಯ ಹೂವು ಬಾದಶಹರ ಗ್ರಂಥಗಳಲ್ಲಿ ಸ್ಥಾನ ಪಡೆಯಿತು, ಹಡಗು ಏರಿ ದೇಶ ಸುತ್ತಿತು. ಆದರೆ ಆ ಹೂ ಬಿಡುವ ಗಿಡ ಮಾತ್ರ ಸಮುದ್ರದ ದಂಡೆ, ಹೊಳೆಯ ಬದಿ, ಗದ್ದೆಯ ಅಂಚು, ಹೀಗೆ ಹೆಚ್ಚಾಗಿ ಯಾರ ಪಹಣಿಗೂ ಸೇರದ ಜಾಗದಲ್ಲೇ ಉಳಿಯಿತು. ಈ ಅಂಚಿನ ನೆಲಕ್ಕೆ ಬೆಲೆ ಬಂದಾಗ ಮೊದಲು ಹೋಗುವುದು ಅಲ್ಲಿನ ಗಿಡ, ಅದರ ಹಿಂದೆಯೇ ಅದನ್ನು ನಂಬಿದವರ ಕಸುಬು. ಈ ಲೇಖನದಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿರುವುದು ಈ ವಿಷಯವನ್ನೇ.

ಒಂದು ಗಿಡ, ಹಲವು ಹೆಸರು

ಸಂಸ್ಕೃತದಲ್ಲಿ ಇದು ಕೇತಕ ಅಥವಾ ಕೇತಕಿ. ಆ ಮಾತು ಪ್ರಾಕೃತದ ಹಾದಿಯಲ್ಲಿ ಸವೆದು ಕನ್ನಡದಲ್ಲಿ ಕೇದಗೆ, ಕೇದಿಗೆ, ಆಡುಮಾತಿನಲ್ಲಿ ಕ್ಯಾದಗೆ ಆಯಿತು. ಉತ್ತರ ಭಾರತದ ಭಾಷೆಗಳಲ್ಲಿ ಅದೇ ಮಾತು ಬೇರೆ ರೀತಿಯಲ್ಲಿ ಸವೆದು ಕೇವಡಾ ಆಯಿತು. ಮಲಯಾಳಂನಲ್ಲಿ ಕೈದ ಎನ್ನುತ್ತಾರೆ. ಹೀಗೆ ಕೇದಗೆ, ಕೇವಡಾ, ಕೈದ ಈ ಮೂರೂ ಒಂದೇ ತಾಯಿಯ ಮಕ್ಕಳು. ಉರ್ದು ಓದುವ ಹುಡುಗ ಮತ್ತು ಕನ್ನಡ ಓದುವ ಹುಡುಗಿ ತಮಗರಿವಿಲ್ಲದೆಯೇ ಒಂದೇ ಶಬ್ದವನ್ನು ಉಚ್ಚರಿಸುತ್ತಿದ್ದಾರೆ.

ದ್ರಾವಿಡ ಭಾಷೆಗಳಲ್ಲಿ ಇದಕ್ಕೆ ಸ್ವಂತ ಹೆಸರುಗಳೂ ಇವೆ. ತಮಿಳಿನಲ್ಲಿ ತಾಳೈ, ಕನ್ನಡದಲ್ಲಿ ತಾಳೆ ಹೂವು, ತುಳುವಿನಲ್ಲಿ ಮುಂಡೇವು. ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವು ತಾಳೆ ಎಂದು ಕರೆಯುವ ಇನ್ನೆರಡು ಮರಗಳಿವೆ. ಒಂದು ತಾಟಿನಿಂಗು ಬಿಡುವ ಮರ, ಇನ್ನೊಂದು ಅಡುಗೆ ಎಣ್ಣೆ ಕೊಡುವ ಮರ. ಅವೆರಡೂ ತೆಂಗು, ಅಡಿಕೆಗಳ ಕುಟುಂಬದವು. ತಾಳೆ ಹೂವಿನ ಗಿಡಕ್ಕೂ ಅವುಗಳಿಗೂ ಸಂಬಂಧವಿಲ್ಲ.

ಇಂಗ್ಲಿಷಿನಲ್ಲಿ ಇದನ್ನು ಸ್ಕ್ರೂಪೈನ್ ಎನ್ನುತ್ತಾರೆ. ಎಲೆಗಳು ಕಾಂಡದ ಸುತ್ತ ತಿರುಪುಮೊಳೆಯ ಸುತ್ತಿನಂತೆ ಮೇಲೇರುತ್ತವೆ, ಆದ್ದರಿಂದ ಸ್ಕ್ರೂ. ಹಣ್ಣು ಅನಾನಸ್ ಅಂದರೆ ಪೈನಾಪಲ್ ಹಣ್ಣನ್ನು ಹೋಲುತ್ತದೆ, ಆದ್ದರಿಂದ ಪೈನ್. ಆದರೆ ಇದು ಪೈನ್ ಮರವೂ ಅಲ್ಲ, ಅನಾನಸ್ ಜಾತಿಯೂ ಅಲ್ಲ. ಇದಕ್ಕೆ ತನ್ನದೇ ಆದ ಪಾಂಡಾನೇಸಿ ಎಂಬ ಕುಟುಂಬವಿದೆ. ಆಫ್ರಿಕಾದಿಂದ ಹಿಡಿದು ಭಾರತ, ಮಲಯ, ಶಾಂತಸಾಗರದ ದ್ವೀಪಗಳವರೆಗೆ ಈ ಕುಲದ ಸುಮಾರು 600 ಜಾತಿಗಳು ಹರಡಿವೆ. ನಮ್ಮ ಕೇದಗೆ ಅವುಗಳಲ್ಲಿ ಒಂದು. ಅದರ ವೈಜ್ಞಾನಿಕ ಹೆಸರು ಪಾಂಡಾನಸ್ ಓಡೋರಿಫರ್.

ಗಿಡ ಹುಟ್ಟುವ ಜಾಗ

ಕೇದಗೆಯನ್ನು ಅರಿಯಬೇಕಾದರೆ ಅದು ನಿಂತಿರುವ ನೆಲವನ್ನು ಮೊದಲು ನೋಡಬೇಕು. ಸಮುದ್ರದಲ್ಲಿ ಭರತದ ನೀರು ಬಂದು ನಿಲ್ಲುವ ಗೆರೆಯ ಆಚೆಗೆ, ಬೇರೆ ಮರಗಳು ನಿಲ್ಲಲು ಹಿಂಜರಿಯುವ ಮರಳಿನಲ್ಲಿ ಇದು ಬೆಳೆಯುತ್ತದೆ. ಅಳಿವೆಯ ದಂಡೆ, ಹಿನ್ನೀರಿನ ಬದಿ, ತೋಡು ಮತ್ತು ಹಳ್ಳಗಳ ಅಂಚು, ತಗ್ಗಿನ ಗದ್ದೆಗಳ ಬದು ಇವೆಲ್ಲ ಇದರ ನೆಲೆಗಳು. ಉಪ್ಪು ಗಾಳಿ, ಉಪ್ಪು ನೀರಿನ ಸಿಂಪಡಿಕೆ, ಸಾರವಿಲ್ಲದ ಮರಳು, ಸುಡುವ ಬಿಸಿಲು ಎಲ್ಲವನ್ನೂ ತಾಳಿಕೊಳ್ಳುತ್ತದೆ.

ಅದಕ್ಕೆ ತಕ್ಕ ಶರೀರವೂ ಇದೆ. ಕಾಂಡದಿಂದ ಊರುಗೋಲಿನಂತಹ ದಪ್ಪ ಬೇರುಗಳು ಇಳಿದು ನೆಲಕ್ಕೆ ನಾಟಿಕೊಳ್ಳುತ್ತವೆ. ಮರಳು ಜಾರಿದರೂ ಗಿಡ ಬೀಳುವುದಿಲ್ಲ, ಬದಲಿಗೆ ಗಾಳಿ ತಂದ ಮರಳನ್ನು ತನ್ನ ಬುಡದಲ್ಲಿ ಹಿಡಿದು ನಿಲ್ಲಿಸುತ್ತದೆ. ಖಡ್ಗದಂತಹ ಉದ್ದನೆಯ ಎಲೆಗಳು, ಅವುಗಳ ಎರಡೂ ಅಂಚಿನಲ್ಲಿ ಮತ್ತು ನಡುನರದ ಬೆನ್ನಿನಲ್ಲಿ ಮುಳ್ಳಿನ ಸಾಲು. ದನ, ಆಡುಗಳು ಬಾಯಿ ಹಾಕುವುದಿಲ್ಲ. ಕೊಂಬೆಗಳು ಬಾಗಿ ಬೇರೂರುತ್ತಾ ಹೋಗಿ, ಕೆಲವು ವರ್ಷಗಳಲ್ಲಿ ಒಂದು ಗಿಡವೇ ಒಂದು ಪೊದೆಯಾಗುತ್ತದೆ.

ಕೇದಗೆಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ನಾವು ಕೇದಗೆ ಹೂವು ಎನ್ನುವುದು ಗಂಡು ಗಿಡದ ಹೂಗೊಂಚಲನ್ನು. ಅದನ್ನು ಸುತ್ತಿಕೊಂಡಿರುವ ಬಿಳಿ ಹಳದಿ ಎಸಳುಗಳಲ್ಲಿ ಆ ಪ್ರಸಿದ್ಧ ಪರಿಮಳವಿದೆ. ಹೆಣ್ಣು ಗಿಡದ ಹೂವಿಗೆ ಅಂತಹ ಪರಿಮಳವಿಲ್ಲ. ಆದರೆ ಹಣ್ಣು ಬಿಡುವುದು ಅದು. ಹಣ್ಣಿನ ತುಂಡುಗಳಿಗೆ ತೆಂಗಿನಂತೆ ನಾರಿನ ಸಿಪ್ಪೆ ಇರುವುದರಿಂದ ಸಮುದ್ರದಲ್ಲಿ ಬಹುಕಾಲ ತೇಲಿ ಬೇರೊಂದು ದಡ ಸೇರಿ ಮೊಳೆಯಬಲ್ಲವು. ಮನುಷ್ಯ ಹಡಗು ಕಟ್ಟುವ ಮೊದಲೇ ಈ ಕುಲದ ಗಿಡಗಳು ಸಮುದ್ರಯಾನ ಮಾಡಿದ್ದವು ಎಂದರೆ ತಪ್ಪಾಗದು.

ಕೇದಗೆಯ ಪರಿಮಳಕ್ಕೆ ಹಾವು ಬರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಹಾವು ಬರುವುದು ಪರಿಮಳಕ್ಕಲ್ಲ. ದಟ್ಟವಾದ ಮುಳ್ಳಿನ ಪೊದೆಯಲ್ಲಿ ಕಪ್ಪೆ, ಇಲಿ, ಹಕ್ಕಿಗಳಿಗೆ ಆಸರೆ ಸಿಗುತ್ತದೆ. ಆಹಾರ ಮತ್ತು ತಂಪು ಇರುವಲ್ಲಿಗೆ ಹಾವೂ ಬರುತ್ತದೆ. ನಂಬಿಕೆಯ ಹಿಂದೆ ಒಂದು ಸರಿಯಾದ ಅವಲೋಕನ ಇದೆ, ಕಾರಣ ಮಾತ್ರ ಬೇರೆ.

ಕರಾವಳಿಯಿಂದ ಘಟ್ಟದ ಕಡೆ ಹೋದರೆ ಇದರ ಬಂಧುಗಳು ಕಾಣಸಿಗುತ್ತವೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಾತಿಯ ಮರಗಳಿರುವ ಅಪರೂಪದ ಜೌಗು ಕಾಡು ಇದೆ. ಅಂತಹ ಜೌಗು ಕಾಡುಗಳಲ್ಲಿ ತೊರೆಯ ಬದಿಯಲ್ಲಿ ಪಾಂಡಾನಸ್ ಕುಲದ ಕಾಡುಜಾತಿಗಳು ಬೆಳೆಯುತ್ತವೆ. ಕಡಲಾಗಲಿ ಕಾಡಾಗಲಿ, ನೀರೂ ನೆಲವೂ ಕೂಡುವ ಅಂಚೇ ಈ ಕುಲಕ್ಕೆ ಪ್ರಿಯ.

ಗ್ರಂಥಗಳಲ್ಲಿ ಕೇದಗೆ

ಈ ಗಿಡ ಮತ್ತು ಅದರ ನೆಲೆಯ ಸಂಬಂಧವನ್ನು ನಮ್ಮ ಹಿಂದಿನವರು ಚೆನ್ನಾಗಿ ಗಮನಿಸಿದ್ದರು. ಸಂಗಂ ಕಾಲದ ತಮಿಳು ಕವಿಗಳು ನೆಲವನ್ನು ಐದು ಬಗೆಯಾಗಿ ವಿಂಗಡಿಸಿದ್ದರು. ಅದರಲ್ಲಿ ಕಡಲತೀರದ ನೆಲಕ್ಕೆ ನೆಯ್ದಲ್ ಎಂದು ಹೆಸರು. ಆ ನೆಲದ ಕವಿತೆಗಳಲ್ಲಿ ತಾಳೈ ಹೂವು ಬರುತ್ತದೆ. ಹಳಗನ್ನಡ ಕಾವ್ಯಗಳಲ್ಲೂ ಕೇದಗೆಯ ವರ್ಣನೆಗೆ ಕೊರತೆಯಿಲ್ಲ. ನಮ್ಮ ಹೆಣ್ಣುಮಕ್ಕಳು ಜಡೆಗೆ ಇದನ್ನು ಮುಡಿದರು. ತಲೆಯ ಒಡವೆಯೊಂದಕ್ಕೂ ಕೇದಗೆ ಎಂಬ ಹೆಸರು ಬಂತು.

ಮೊಘಲ್ ಸಾಮ್ರಾಜ್ಯದ ಸ್ಥಾಪಕ ಬಾಬರ್ ತನ್ನ ಆತ್ಮಕಥೆ 'ಬಾಬರ್‌ನಾಮಾ'ದಲ್ಲಿ ಹಿಂದೂಸ್ಥಾನದ ಹೂವುಗಳನ್ನು ಕುರಿತು ಬರೆಯುವಾಗ ಕೇವಡಾಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿದ್ದಾನೆ. ಈ ದೇಶದ ಅನೇಕ ಸಂಗತಿಗಳ ಬಗ್ಗೆ ಅಸಮಾಧಾನ ತೋಡಿಕೊಂಡ ಬಾಬರ್ ಈ ಹೂವನ್ನು ಮಾತ್ರ ಮನಸಾರೆ ಮೆಚ್ಚಿದ್ದಾನೆ. ಅದರ ಸುವಾಸನೆಯನ್ನು ಕಸ್ತೂರಿಗೆ ಹೋಲಿಸಿ, ಕಸ್ತೂರಿಗಿರುವ ಒಣತನ ಇದಕ್ಕಿಲ್ಲ ಎಂಬ ಅಭಿಪ್ರಾಯ ಕೊಡುತ್ತಾನೆ. ಎಲೆಯ ಮುಳ್ಳು, ಹೊರಗಿನ ಹಸಿರು ಎಸಳು, ಒಳಗಿನ ಮೆದುವಾದ ಬಿಳಿ ಎಸಳು ಎಲ್ಲವನ್ನೂ ಗಮನಿಸಿ ಬರೆದಿದ್ದಾನೆ. 1526ರಿಂದ 1530ರವರೆಗಿನ ನಾಲ್ಕೇ ವರ್ಷಗಳ ಆಳ್ವಿಕೆಯಲ್ಲಿ, ಯುದ್ಧಗಳ ನಡುವೆ, ಒಂದು ಹೂವನ್ನು ಇಷ್ಟು ಹತ್ತಿರದಿಂದ ನೋಡಲು ಆತನಿಗೆ ಬಿಡುವು ಸಿಕ್ಕಿತು. ವಿದ್ಯಾರ್ಥಿಗಳು ಗಮನಿಸಬೇಕಾದ ಮಾತಿದು.

ಅವನ ಮೊಮ್ಮಗ ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ಬರೆದ 'ಆಯಿನ್-ಎ-ಅಕ್ಬರಿ'ಯಲ್ಲಿ ಸುಗಂಧ ದ್ರವ್ಯಗಳಿಗೆ ಒಂದು ಅಧ್ಯಾಯವೇ ಇದೆ. ಅಲ್ಲಿ ಕೇತಕಿ ಮತ್ತು ಕೇವಡಾ ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿ, ಎರಡೂ ಒಂದೇ ಬಗೆಯವು, ಕೇವಡಾ ಗಾತ್ರದಲ್ಲಿ ದೊಡ್ಡದು ಎಂದು ವಿವರಿಸಲಾಗಿದೆ.

ಇನ್ನು ಯುರೋಪಿನವರು. ಮಲಬಾರಿನ ಡಚ್ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. ಅದರಲ್ಲಿ ಕೈದ ಎಂಬ ಹೆಸರಿನಲ್ಲೇ ಈ ಕುಲದ ಗಿಡಗಳ ಚಿತ್ರಗಳಿವೆ. ಈ ಗ್ರಂಥಕ್ಕೆ ಗಿಡಗಳ ಮಾಹಿತಿ ಕೊಟ್ಟವರಲ್ಲಿ ಮುಖ್ಯರು ಇಟ್ಟಿ ಅಚ್ಯುದನ್ ಎಂಬ ಮಲಯಾಳಿ ವೈದ್ಯರು ಮತ್ತು ಕೊಂಕಣಿ ವೈದ್ಯರಾದ ರಂಗ ಭಟ್, ವಿನಾಯಕ ಪಂಡಿತ್ ಹಾಗೂ ಅಪ್ಪು ಭಟ್. ಅದರ ಚಿತ್ರಪುಟಗಳಲ್ಲಿ ಗಿಡಗಳ ಹೆಸರನ್ನು ರೋಮನ್, ಮಲಯಾಳಂ, ಅರಬಿ ಮತ್ತು ನಾಗರಿ ಲಿಪಿಗಳಲ್ಲಿ ಕೊಡಲಾಗಿದೆ. ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಆಗ ಯಾರೆಲ್ಲ ಇದ್ದರು, ಯಾವ ಯಾವ ಲಿಪಿಯಲ್ಲಿ ಲೆಕ್ಕ ಬರೆಯುತ್ತಿದ್ದರು ಎಂಬುದಕ್ಕೆ ಆ ಒಂದೊಂದು ಪುಟವೂ ಸಾಕ್ಷಿ.

ಪಾಂಡಾನಸ್ ಎಂಬ ಹೆಸರು ಬಂದದ್ದು ಇನ್ನೂ ಪೂರ್ವದಿಂದ. ಮಲಯ ಭಾಷೆಯಲ್ಲಿ ಈ ಗಿಡಕ್ಕೆ ಪಾಂಡಾನ್ ಎನ್ನುತ್ತಾರೆ. ಇಂದಿನ ಇಂಡೋನೇಷ್ಯಾದ ಅಂಬೋನ್ ದ್ವೀಪದಲ್ಲಿದ್ದ ರುಂಫಿಯಸ್ ಎಂಬ ವಿದ್ವಾಂಸ ಆ ಹೆಸರನ್ನು ಲ್ಯಾಟಿನ್ ಗ್ರಂಥಕ್ಕೆ ಸೇರಿಸಿದ. ಆತ 1670ರಲ್ಲಿ ದೃಷ್ಟಿ ಕಳೆದುಕೊಂಡರೂ ಕೆಲಸ ನಿಲ್ಲಿಸಲಿಲ್ಲ. 1702ರಲ್ಲಿ ಆತ ತೀರಿಕೊಂಡ ಎಷ್ಟೋ ವರ್ಷಗಳ ನಂತರ, 1741ರಿಂದ ಆ ಗ್ರಂಥ ಅಚ್ಚಾಗತೊಡಗಿತು.

ನಮ್ಮ ಕೇದಗೆಯ ಜಾತಿಗೆ ವೈಜ್ಞಾನಿಕ ಹೆಸರು ದೊರೆತದ್ದು ಅರಬ್ ನಾಡಿನಲ್ಲಿ. ಡೆನ್ಮಾರ್ಕಿನ ದೊರೆ ಕಳುಹಿಸಿದ ಸಂಶೋಧಕರ ತಂಡದಲ್ಲಿ ಪೀಟರ್ ಫೋರ್ಸ್‌ಕೋಲ್ ಎಂಬ ಯುವ ಸಸ್ಯಶಾಸ್ತ್ರಜ್ಞನಿದ್ದ. ಯೆಮೆನಿನಲ್ಲಿ ಗಿಡಗಳನ್ನು ಸಂಗ್ರಹಿಸುತ್ತಿದ್ದಾಗ ಜ್ವರ ಬಂದು 1763ರಲ್ಲಿ, ತನ್ನ 31ನೆಯ ವಯಸ್ಸಿನಲ್ಲಿ, ಅಲ್ಲಿಯೇ ಪ್ರಾಣಬಿಟ್ಟ. ತಂಡದಲ್ಲಿ ಬದುಕಿ ಹಿಂತಿರುಗಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಬರಹಗಳನ್ನು ಅವನು 1775ರಲ್ಲಿ ಪ್ರಕಟಿಸಿದ. ಅದರಲ್ಲಿ ಈ ಗಿಡದ ಹೆಸರು 'ಕೆಉರಾ ಓಡೋರಿಫೆರಾ'. ಓಡೋರಿಫೆರಾ ಎಂದರೆ ಪರಿಮಳ ಹೊತ್ತದ್ದು. ಕೆಉರಾ ಎಂಬುದನ್ನು ಒಮ್ಮೆ ಗಟ್ಟಿಯಾಗಿ ಉಚ್ಚರಿಸಿ ನೋಡಿ, ನಮ್ಮ ಕೇವಡಾ ಕೇಳಿಸುತ್ತದೆ. 1891ರಲ್ಲಿ ಓಟೋ ಕುಂಟ್ಸೆ ಎಂಬ ವಿಜ್ಞಾನಿ ಇದನ್ನು ಪಾಂಡಾನಸ್ ಕುಲಕ್ಕೆ ಸೇರಿಸಿದ್ದರಿಂದ ಇಂದಿನ ಹೆಸರು ಬಂತು. ಯೆಮೆನಿನಲ್ಲಿ ಇಂದಿಗೂ ನೀರಿರುವ ಕಣಿವೆಗಳಲ್ಲಿ ಇದನ್ನು ಬೆಳೆಸುತ್ತಾರೆ. ಅಲ್ಲಿ ಇದರ ಹೆಸರು ಕಾದೀ.

ಗಂಜಾಮಿನ ಭಟ್ಟಿಗಳು

ಭಾರತದ ಕೇವಡಾದ ಬಹುಪಾಲು ಒಡಿಶಾದ ಗಂಜಾಂ ಜಿಲ್ಲೆಯಿಂದ ಬರುತ್ತದೆ. ಛತ್ರಪುರ, ಬ್ರಹ್ಮಪುರದ ಸುತ್ತಲಿನ ಕರಾವಳಿ ಹಳ್ಳಿಗಳಲ್ಲಿ ಗದ್ದೆಯ ಬೇಲಿಯಾಗಿ, ಹಳ್ಳದ ಬದಿಯಲ್ಲಿ, ಮರಳು ದಿಬ್ಬಗಳ ಮೇಲೆ ಕೇದಗೆ ಬೆಳೆಯುತ್ತದೆ. ಮಳೆಗಾಲ ಹೂವಿನ ಮುಖ್ಯ ಕಾಲ. ಬೆಳಕು ಹರಿಯುವ ಹೊತ್ತಿಗೆ ಮುಳ್ಳಿನ ನಡುವೆ ನುಗ್ಗಿ ಹೂ ಕೀಳಬೇಕು. ಕಿತ್ತ ಹೂವನ್ನು ತಡಮಾಡದೆ ಭಟ್ಟಿಗೆ ಹಾಕಬೇಕು, ಇಲ್ಲವಾದರೆ ಪರಿಮಳ ಹಾರಿಹೋಗುತ್ತದೆ. ಈ ಕಾರಣದಿಂದಲೇ ಉತ್ತರ ಪ್ರದೇಶದ ಕನೌಜಿನ ಅತ್ತರ್ ವ್ಯಾಪಾರಿಗಳು ಹೂವನ್ನು ತಮ್ಮೂರಿಗೆ ಒಯ್ಯುವ ಬದಲು ಭಟ್ಟಿಯನ್ನೇ ಹೂವಿನ ಊರಿಗೆ ತಂದರು.

ಭಟ್ಟಿಯ ವಿಧಾನ ಹಳೆಯದು. ತಾಮ್ರದ ದೊಡ್ಡ ದೇಗ್‌ನಲ್ಲಿ ಹೂವು ಮತ್ತು ನೀರು ತುಂಬಿ ಮುಚ್ಚಳವನ್ನು ಮಣ್ಣಿನಿಂದ ಮೆತ್ತುತ್ತಾರೆ. ಕೆಳಗೆ ಹದವಾದ ಬೆಂಕಿ. ಹಬೆ ಬಿದಿರಿನ ಕೊಳವೆಯ ಮೂಲಕ ಭಪ್ಕಾ ಎಂಬ ತಾಮ್ರದ ಪಾತ್ರೆಗೆ ಇಳಿಯುತ್ತದೆ. ಭಪ್ಕಾ ತಣ್ಣೀರಿನ ತೊಟ್ಟಿಯಲ್ಲಿ ಕುಳಿತಿರುತ್ತದೆ. ಅದರೊಳಗೆ ಮೊದಲೇ ಗಂಧದೆಣ್ಣೆ ಇಟ್ಟರೆ ಪರಿಮಳ ಅದಕ್ಕೆ ಅಂಟಿ ಅತ್ತರ್ ಆಗುತ್ತದೆ. ಬರಿಯ ನೀರಾಗಿ ಇಳಿಸಿದರೆ ಅರ್ಕ್, ಅಡುಗೆಗೆ ಬಳಸುವುದು ಇದನ್ನೇ. ಹೂವಿನ ಶುದ್ಧ ಎಣ್ಣೆಗೆ ರೂಹ್ ಎನ್ನುತ್ತಾರೆ. ಉರ್ದುವಿನಲ್ಲಿ ರೂಹ್ ಎಂದರೆ ಆತ್ಮ ಎಂದು ನಿಮಗೆ ಗೊತ್ತೇ ಇದೆ. ಗಂಜಾಮಿನ ಕೇವಡಾ ಹೂವು ಮತ್ತು ರೂಹ್ ಎರಡಕ್ಕೂ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ.

ಇಲ್ಲಿ ಕರ್ನಾಟಕಕ್ಕೂ ಒಂದು ನಂಟು ಇದೆ. ಅತ್ತರಿನ ತಳಹದಿಯಾದ ಗಂಧದೆಣ್ಣೆಗೆ ಹೆಸರಾದ ನಾಡು ನಮ್ಮದು. ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ 1916ರಲ್ಲಿ ಆರಂಭವಾಯಿತು. ಗಂಧದ ಮರ ಅಪರೂಪವಾಗಿ ಎಣ್ಣೆಯ ಬೆಲೆ ಏರಿದಂತೆ ಅನೇಕರು ಅದರ ಬದಲು ಅಗ್ಗದ ದ್ರವಗಳನ್ನು, ಪ್ಯಾರಾಫಿನ್ ಎಣ್ಣೆಯನ್ನೂ ಬಳಸತೊಡಗಿದರು. ಇನ್ನೊಂದು ಕಡೆ ಕೇವಡಾದ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಾಗಿರುವ ಫೀನೈಲ್ ಈಥೈಲ್ ಮೀಥೈಲ್ ಈಥರ್ ಎಂಬ ರಾಸಾಯನಿಕವನ್ನು ಕಾರ್ಖಾನೆಯಲ್ಲೇ ತಯಾರಿಸಬಹುದು. ಹಾಗಾಗಿ ಕೇವಡಾ ಎಂಬ ಚೀಟಿ ಹಚ್ಚಿದ ಬಾಟಲಿಗಳಲ್ಲಿ ಹೂವನ್ನೇ ಕಾಣದವೂ ಇವೆ. ಬಾಟಲಿಗೆ ಹೂವು ಬೇಡವಾದರೆ ಹೂವು ಕೀಳುವವರಿಗೆ ಕೂಲಿ ಇಲ್ಲ, ಗಿಡ ಉಳಿಸುವ ಆಸೆಯೂ ರೈತನಿಗೆ ಇರುವುದಿಲ್ಲ.

ಎಲೆಯ ಇತಿಹಾಸ

ಹೂವಿನ ಇತಿಹಾಸ ಬರೆದವರು ಬಾದಶಹರು, ವಿದ್ವಾಂಸರು. ಎಲೆಯ ಇತಿಹಾಸವನ್ನು ಯಾರೂ ಬರೆಯಲಿಲ್ಲ, ಏಕೆಂದರೆ ಅದು ಬಡ ಹೆಂಗಸರ ಕೈಯಲ್ಲಿತ್ತು.

ಎಲೆ ಕೊಯ್ದು, ಅಂಚಿನ ಮತ್ತು ನಡುವಿನ ಮುಳ್ಳನ್ನು ಸೀಳಿ ತೆಗೆದು, ಮೆದುಗೊಳಿಸಿ, ಸುರುಳಿ ಸುತ್ತಿ, ಬಿಸಿಲಿಗೆ ಒಣಗಿಸಿ, ಪಟ್ಟಿ ಮಾಡಿ ಹೆಣೆದರೆ ಚಾಪೆಯಾಗುತ್ತದೆ. ಕೇರಳದ ಕೊಲ್ಲಂ ಜಿಲ್ಲೆಯ ತಳವ ಎಂಬ ಊರು ಇಂತಹ ಚಾಪೆಗಳಿಗೆ ಹೆಸರಾಗಿದೆ. ಕೇರಳದ ಈ ಕಸುಬಿಗೂ ಭೌಗೋಳಿಕ ಸೂಚಕ ದೊರೆತಿದೆ. ಶಾಂತಸಾಗರದ ಮಾರ್ಷಲ್ ದ್ವೀಪಗಳಲ್ಲಿ ಈ ಕುಲದ ಎಲೆಗಳಿಂದ ದೋಣಿಯ ಹಾಯಿಯನ್ನೇ ಹೆಣೆಯುತ್ತಿದ್ದರು. ನಮ್ಮ ನಿಕೋಬಾರ್ ದ್ವೀಪಗಳ ಜನರಿಗೆ ಇದೇ ಕುಲದ ಬೇರೊಂದು ಜಾತಿಯ ಹಣ್ಣು ಸಾಂಪ್ರದಾಯಿಕ ಆಹಾರ.

ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮುಂಡೇವಿನ ಎಲೆಯನ್ನು ಮುಳ್ಳು ತೆಗೆದು, ಬೆಂಕಿಯಲ್ಲಿ ಬಾಡಿಸಿ, ಸುರುಳಿಯಾಗಿ ಸುತ್ತಿ ಕೊಳವೆಯಂತೆ ಮಾಡುತ್ತಾರೆ. ಅದರಲ್ಲಿ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಿದರೆ ಮೂಡೆ ಸಿದ್ಧ. ಅಷ್ಟಮಿ, ಚೌತಿಯ ಮುನ್ನಾದಿನಗಳಲ್ಲಿ ಮಂಗಳೂರಿನ ಮಾರುಕಟ್ಟೆಯಲ್ಲಿ ಸುತ್ತಿದ ಎಲೆಗಳನ್ನು ರಾಶಿ ಹಾಕಿ ಮಾರುತ್ತಾರೆ. ನಾಗರ ಪಂಚಮಿಗೆ ಕೇದಗೆ ಹೂವು ನಾಗನಿಗೆ ಬೇಕು. ಒಂದೇ ಪೊದೆಯ ಹೂವು ಒಂದು ಮನೆಯಲ್ಲಿ ಪೂಜೆಗೆ, ಎಲೆ ಇನ್ನೊಂದು ಮನೆಯಲ್ಲಿ ತಿಂಡಿಗೆ, ಅದರ ಅರ್ಕ್ ಮತ್ತೊಂದು ಮನೆಯಲ್ಲಿ ಈದ್ ಅಡುಗೆಗೆ ಸಲ್ಲುತ್ತದೆ. ಪೊದೆ ಯಾರ ಜಾತಿ, ಧರ್ಮವನ್ನೂ ಕೇಳಿಲ್ಲ.

ಅಂಚು ಕಿರಿದಾದಾಗ

ಈಗ ಅಂಚಿನ ನೆಲದ ಸ್ಥಿತಿಯನ್ನು ನೋಡೋಣ. ಚೆನ್ನೈನಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರವು 1990ರ ನಂತರದ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿ, ದೇಶದ ಮುಖ್ಯಭೂಮಿಯ ಕರಾವಳಿಯ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ ಎಂದು ತಿಳಿಸಿದೆ. ನಮ್ಮ ಉಳ್ಳಾಲ, ಮರವಂತೆಗಳಲ್ಲಿ ಕೊರೆತ ತಡೆಯಲು ಕಲ್ಲು ಸುರಿದು ತಡೆಗೋಡೆ ಕಟ್ಟಲಾಗಿದೆ. ಕಲ್ಲಿನ ಗೋಡೆ ಇದ್ದಲ್ಲಿ ಮರಳು ದಿಬ್ಬವಿಲ್ಲ, ದಿಬ್ಬವಿಲ್ಲದಲ್ಲಿ ಕೇದಗೆಗೆ ನೆಲೆಯಿಲ್ಲ. ತೋಡಿನ ಬದಿಗೆ ಕಾಂಕ್ರೀಟ್ ಹಾಕಿದಾಗ, ರಸ್ತೆ ಅಗಲ ಮಾಡಿದಾಗ, ಹಾವಿನ ಭಯಕ್ಕೆ ಪೊದೆ ಸುಟ್ಟಾಗ ಆಗುವುದೂ ಇದೇ.

ಕಾನೂನಿನ ಗೆರೆಯೂ ಸರಿದಿದೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರಲ್ಲಿ. ಗ್ರಾಮೀಣ ಪ್ರದೇಶದಲ್ಲಿ ಭರತದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿರ್ಬಂಧವಿತ್ತು. 2019ರ ಅಧಿಸೂಚನೆಯಲ್ಲಿ ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಪ್ರದೇಶಗಳಿಗೆ, ಕೆಲವು ಷರತ್ತುಗಳೊಂದಿಗೆ, ಇದನ್ನು 50 ಮೀಟರ್‌ಗೆ ಇಳಿಸಲಾಯಿತು. ದಡದಲ್ಲಿ ಮನೆ ಬೇಕಾದ ಬಡ ಮೀನುಗಾರನ ಕಷ್ಟವೂ ನಿಜ. ಆದರೆ ತೆರವಾದ ಆ ಪಟ್ಟಿಯಲ್ಲಿ ಏರುವುದು ಅವನ ಮನೆಯೋ ಬೇರೆಯವರ ರೆಸಾರ್ಟೋ ಎಂದು ಕೇಳಬೇಕಾಗಿದೆ.

ಕೇದಗೆ ನೆಟ್ಟರೆ ಸುನಾಮಿ ನಿಲ್ಲುತ್ತದೆ ಎಂದು ನಾನು ಹೇಳುವುದಿಲ್ಲ. 2004ರ ಡಿಸೆಂಬರ್ 26ರಂದು ನಿಕೋಬಾರಿನಲ್ಲಿ ನೆಲವೇ ಕುಸಿದಾಗ ದಡದ ಮರಗಳೂ ಮುಳುಗಿದವು. 2013ರ ಅಕ್ಟೋಬರ್ 12ರಂದು ಫೈಲಿನ್ ಚಂಡಮಾರುತ ಗಂಜಾಮಿನ ಗೋಪಾಲಪುರದ ಬಳಿಯೇ ದಡ ದಾಟಿತು. ಅಂತಹ ಪ್ರಕೋಪದ ಎದುರು ಯಾವ ಬೇಲಿಯೂ ಸಾಲದು. ಆದರೆ ವರ್ಷ ವರ್ಷವೂ ಬರುವ ಗಾಳಿ, ಮಳೆಗಾಲದ ಅಲೆಗಳು ಮರಳನ್ನು ಒಯ್ಯುವಾಗ ಅದನ್ನು ಸದ್ದಿಲ್ಲದೆ ಹಿಡಿದಿಡುವ ಕೆಲಸವನ್ನು ಈ ಗಿಡ ಬಹುಕಾಲದಿಂದ ಮಾಡಿದೆ. ಅದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ. ಗಿಡದ ಒಂದು ಕೊಂಬೆ ಕಡಿದು ನೆಟ್ಟರೂ ಚಿಗುರುತ್ತದೆ. ಹೂವಿನ ಆಸೆಗೆ ಗಂಡು ಗಿಡವನ್ನೇ ನೆಡುವುದು ರೂಢಿ. ಆದರೆ ಬೀಜದಿಂದ ಹೊಸ ಗಿಡ ಹುಟ್ಟಬೇಕಾದರೆ ಹೆಣ್ಣು ಗಿಡವೂ ಉಳಿಯಬೇಕು ಎಂಬುದನ್ನು ಮರೆಯಬಾರದು.

ವಿದ್ಯಾರ್ಥಿಗಳಿಗೆ ಒಂದು ಮಾತು

ಪ್ರಿಯ ವಿದ್ಯಾರ್ಥಿಗಳೇ, ಬಾಬರ್ ನೋಡಿ ಬರೆದ, ಇಟ್ಟಿ ಅಚ್ಯುದನ್ ಮತ್ತು ಕೊಂಕಣಿ ವೈದ್ಯರು ಹೇಳಿ ಬರೆಯಿಸಿದ, ಫೋರ್ಸ್‌ಕೋಲ್ ಪ್ರಾಣ ತೆತ್ತು ಸಂಗ್ರಹಿಸಿದ ಮಾಹಿತಿಯ ಒಂದು ಭಾಗ ನಿಮ್ಮೂರಿನ ಹಳ್ಳದ ಬದಿಯಲ್ಲೂ ಇರಬಹುದು. ಈ ರಜೆಯಲ್ಲಿ ಮೂರು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಕೇದಗೆಯ ಪೊದೆ ಎಲ್ಲಿದೆ, ಮೊದಲು ಎಲ್ಲಿತ್ತು ಎಂದು ಹಿರಿಯರನ್ನು ಕೇಳಿ ಒಂದು ನಕ್ಷೆ ಬರೆಯಿರಿ. ನಿಮ್ಮ ದಾದಿ, ನಾನಿ, ನೆರೆಮನೆಯ ಅಜ್ಜಿ ಇದನ್ನು ಯಾವ ಹೆಸರಿನಿಂದ ಕರೆಯುತ್ತಾರೆ, ಎಲೆಯಿಂದ ಏನು ಮಾಡುತ್ತಿದ್ದರು ಎಂದು ಅವರ ಮಾತಿನಲ್ಲೇ ಬರೆದುಕೊಳ್ಳಿ. ಪೊದೆ ಕಡಿಯುವ ಪ್ರಸ್ತಾಪ ಬಂದರೆ, ಮಕ್ಕಳು ಓಡಾಡುವ ದಾರಿಯದನ್ನು ಸವರಿ ಉಳಿದದ್ದನ್ನು ಬಿಡಬಹುದೇ ಎಂದು ಪಂಚಾಯಿತಿಯಲ್ಲಿ ವಿನಯದಿಂದ ಕೇಳಿ.

ಅಂಚಿನಲ್ಲಿರುವವರನ್ನು ಇತಿಹಾಸ ಸುಲಭವಾಗಿ ಮರೆಯುತ್ತದೆ, ಅದು ಗಿಡವಾಗಲಿ ಮನುಷ್ಯನಾಗಲಿ. ಅವರನ್ನು ಪುಟದ ನಡುವಿಗೆ ತಂದು ಬರೆಯುವ ಹೊಣೆ ಅಕ್ಷರ ಕಲಿತ ನಮ್ಮೆಲ್ಲರದು. ಆ ಬರವಣಿಗೆ ನಿಮ್ಮ ಊರಿನ ಕೇದಗೆಯಿಂದಲೇ ಪ್ರಾರಂಭವಾಗಲಿ ಎಂದು ಹಾರೈಸುತ್ತೇನೆ.